ಮಗು ಯಾರ ಸುಪರ್ದಿಗೆ, ಭೇಟಿ ಯಾವಾಗ: ದಾವಣಗೆರೆ–ಚಿತ್ರದುರ್ಗ ಭಾಗದವರ ಚರ್ಚೆ

ಹರಿಹರದ ತಂದೆ:

ಎಲ್ಲರಿಗೂ ನಮಸ್ಕಾರ. ನನಗೆ ಆರು ವರ್ಷದ ಮಗನಿದ್ದಾನೆ. ದೀಪಾವಳಿಗೆಂದು ಅವನನ್ನು ಕರೆದುಕೊಂಡು ರಾಣೆಬೆನ್ನೂರಿನ ತವರಿಗೆ ಹೋದ ನನ್ನ ಪತ್ನಿ ಮರಳಿ ಬಂದಿಲ್ಲ. ಮಗನನ್ನು ಅಲ್ಲಿಯ ಶಾಲೆಗೇ ಸೇರಿಸಿದ್ದಾರೆಂದು ಬೇರೆಯವರಿಂದ ತಿಳಿಯಿತು. ವಿಚ್ಛೇದನಕ್ಕೆ ಇಬ್ಬರೂ ಅರ್ಜಿ ಹಾಕಿಲ್ಲ, ಹಾಕುವ ಮನಸ್ಸೂ ನನಗಿಲ್ಲ. ಅವರ ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ, ‘ಮೊದಲು ತಿಂಗಳ ಖರ್ಚು ಕೊಡಿ, ಆಮೇಲೆ ಮಗನ ಮುಖ ನೋಡಿ’ ಎನ್ನುತ್ತಾರೆ. ಪೊಲೀಸ್ ಠಾಣೆಯಲ್ಲಿ ವಿಚಾರಿಸಿದಾಗ, ಇದು ಕೋರ್ಟಿನಲ್ಲಿ ಇತ್ಯರ್ಥವಾಗಬೇಕಾದ ವಿಷಯ ಎಂದರು. ಹಿಂದೂ ಕಾನೂನಿನಲ್ಲಿ ತಂದೆಯೇ ಮೊದಲ ಪಾಲಕ ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಾರೆ. ಹಾಗಿದ್ದರೆ ಶಾಲೆ ಬಿಡುವ ಹೊತ್ತಿಗೆ ಹೋಗಿ ಮಗನನ್ನು ನಾನೇ ಕರೆತರಬಹುದೇ? ಕೋರ್ಟಿಗೇ ಹೋಗಬೇಕೆಂದರೆ ಯಾವ ಊರಿನ ಕೋರ್ಟು?

ನಿರ್ವಾಹಕರು:

ಉತ್ತರಿಸುವವರಿಗೂ ಕೇಳುವವರಿಗೂ ಒಂದು ವಿನಂತಿ. ಮಗುವಿನ ಹೆಸರು, ಶಾಲೆ, ಪ್ರಕರಣದ ಸಂಖ್ಯೆ, ಆದೇಶದ ಫೋಟೊ ಯಾವುದನ್ನೂ ಇಲ್ಲಿ ಹಾಕಬಾರದು. ಇದು ನಮ್ಮ ನಿಯಮ ಮಾತ್ರವಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಆ ಕಾಯ್ದೆಯ ಪ್ರಕರಣಗಳ ವಿಚಾರಣೆ ಬಹಿರಂಗವಾಗಿ ನಡೆಯುವುದಿಲ್ಲ, ಅದರ ವಿವರಗಳನ್ನು ಪ್ರಕಟಿಸುವುದಕ್ಕೂ ನಿರ್ಬಂಧವಿದೆ.

ದಾವಣಗೆರೆಯ ವಕೀಲರು:

ಹರಿಹರದವರೇ, ಶಾಲೆಯ ಗೇಟಿನ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ಬಳಿ ಬರುವ ತಂದೆಯರಲ್ಲಿ ಅನೇಕರು ಇದನ್ನೇ ಕೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನ್ಯಾಯಾಲಯದ ಆದೇಶ ಯಾವುದೂ ಇಲ್ಲದಿರುವಾಗ ಹೆತ್ತ ತಂದೆಯು ಮಗನನ್ನು ಕರೆದೊಯ್ದರೆ ಅದು ಸಾಮಾನ್ಯವಾಗಿ ಅಪಹರಣವಾಗುವುದಿಲ್ಲ ಎನ್ನುವುದು ನಿಜ. ಆದರೆ ನಾಳೆ ನ್ಯಾಯಾಧೀಶರ ಮುಂದೆ ನಿಂತಾಗ, ಕಲಿಯುತ್ತಿದ್ದ ಮಗುವನ್ನು ತರಗತಿಯ ಮಕ್ಕಳೆದುರು ಎಳೆದು ತಂದವರು ಎಂಬ ಮಾತು ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ, ಅದನ್ನು ಅಳಿಸುವುದು ಬಹಳ ಕಷ್ಟ.

ಇನ್ನು ‘ತಂದೆಯೇ ಮೊದಲ ಪಾಲಕ’ ಎಂಬ ಮಾತಿಗೆ ಬರೋಣ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮಿನಲ್ಲಿ ತಂದೆ, ಅವನ ನಂತರ ತಾಯಿ ಎಂಬ ಮಾತಿದೆ. ಹಿರಿಯರು ಅದನ್ನು ಅಲ್ಲಿಗೇ ಓದಿ ನಿಲ್ಲಿಸುತ್ತಾರೆ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ‘ನಂತರ’ ಎಂದರೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅಲ್ಲ, ತಂದೆ ಮಗುವಿನ ಹೊಣೆ ಹೊತ್ತಿಲ್ಲದ ಸಂದರ್ಭದಲ್ಲೂ ತಾಯಿಯೇ ಸ್ವಾಭಾವಿಕ ಪಾಲಕಿ ಎಂದು ವಿವರಿಸಿತು. ಅದಕ್ಕಿಂತ ಮುಖ್ಯವಾದದ್ದು ಅದೇ ಕಾಯ್ದೆಯ 13ನೇ ಕಲಮು: ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ಪಾಲಕತ್ವ ಬೇರೆ, ಸುಪರ್ದಿ ಬೇರೆ. ಮಗು ತಾಯಿಯ ಬಳಿ ಬೆಳೆಯುತ್ತಿದ್ದರೂ ನೀವು ಅದರ ತಂದೆಯಾಗಿಯೇ ಉಳಿಯುತ್ತೀರಿ. ಅದರ ಓದು, ಆರೋಗ್ಯದ ಬಗ್ಗೆ ತಿಳಿಯುವ ಹಕ್ಕು ನಿಮಗಿರುತ್ತದೆ. ಹಾಗೆಂದು, ಪಾಲಕನಾದ ಮಾತ್ರಕ್ಕೆ ಮಗು ನಿಮ್ಮ ಮನೆಯಲ್ಲೇ ಇರಬೇಕೆಂದು ಹಟ ಹಿಡಿಯಲು ಬರುವುದಿಲ್ಲ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 6ನೇ ಕಲಮೇ ಹೇಳುತ್ತದೆ. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ, ಆದ್ದರಿಂದ ಆ ನಿಯಮ ನಿಮಗೆ ಅಡ್ಡಿಯಾಗುವುದಿಲ್ಲ. ಆದರೆ ಐದು ತುಂಬಿದ ಮರುದಿನವೇ ಮಗು ತಂದೆಯ ಪಾಲಾಗುತ್ತದೆ ಎಂದೂ ಅಲ್ಲ.

ಯಾವ ಊರಿನ ಕೋರ್ಟು ಎಂಬುದು ನಿಮ್ಮ ವಿಷಯದಲ್ಲಿ ನಿಜಕ್ಕೂ ತೊಡಕಿನ ಪ್ರಶ್ನೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಕಲಮಿನಂತೆ, ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಹರಿಹರದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಮಗು ಅಲ್ಲೇ ನೆಲೆಯೂರಿದೆ ಎಂದು ಅವರು ವಾದಿಸಿದರೆ ಪ್ರಕರಣ ಹಾವೇರಿ ಜಿಲ್ಲೆಯ ನ್ಯಾಯಾಲಯಕ್ಕೆ ಸೇರುತ್ತದೆ. ಮೇಲ್ಮನವಿಯೂ ಬೆಂಗಳೂರಿನ ಬದಲು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತದೆ. ಹಬ್ಬಕ್ಕೆ ಹೋದ ಮಗುವನ್ನು ಅಲ್ಲೇ ಉಳಿಸಿಕೊಂಡ ಮಾತ್ರಕ್ಕೆ ಅದರ ವಾಸಸ್ಥಳ ಬದಲಾಗದು ಎಂದು ನೀವು ವಾದಿಸಬಹುದು, ಆದರೆ ಒಂದೊಂದು ತಿಂಗಳು ಕಳೆದಂತೆ ಆ ವಾದದ ಬಲ ಕುಗ್ಗುತ್ತದೆ. ಆದ್ದರಿಂದ ಊರ ಹಿರಿಯರು ಕೂತು ಮಾತಾಡಲಿ ಎಂದು ಬಹಳ ಕಾಯಬೇಡಿ. ಮಾತುಕತೆ ಒಂದೆಡೆ ನಡೆಯಲಿ, ಅರ್ಜಿ ಒಂದೆಡೆ ಇರಲಿ. ವಿಚ್ಛೇದನ ಕೇಳದೆಯೇ ಈ ಅರ್ಜಿ ಹಾಕಬಹುದು. ನಮ್ಮ ಕೋರ್ಟುಗಳಲ್ಲಿ ಇದನ್ನು ‘ಜಿ ಅಂಡ್ ಡಬ್ಲ್ಯೂ ಕೇಸು’ ಎನ್ನುತ್ತಾರೆ.

ಚಿತ್ರದುರ್ಗದ ತಾಯಿ:

ವಕೀಲರ ಮಾತಿಗೆ ನನ್ನದೊಂದು ಮಾತು ಸೇರಿಸುತ್ತೇನೆ. ಹರಿಹರದ ಅಣ್ಣನವರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೆ ನಾನು ಆಚೆ ಬದಿಯಲ್ಲಿರುವವಳು. ಮಗಳು ನನ್ನ ಬಳಿ ಇದ್ದಾಳೆ, ಅವಳ ತಂದೆ ದಾವಣಗೆರೆಯಲ್ಲಿದ್ದಾರೆ. ನಮ್ಮ ಮೊದಲ ಆದೇಶದಲ್ಲಿ ತಂದೆಗೆ ‘ಅನುಕೂಲಕರ ಸಮಯದಲ್ಲಿ’ ಭೇಟಿಗೆ ಅವಕಾಶ ಕೊಡಬೇಕು ಎಂದಷ್ಟೇ ಇತ್ತು. ಯಾರ ಅನುಕೂಲ ಎಂಬುದೇ ಜಗಳವಾಯಿತು. ಅವರು ರಾತ್ರಿ ಎಂಟಕ್ಕೆ ಬಂದು ಬಾಗಿಲು ಬಡಿಯುವುದು, ನಾನು ಪರೀಕ್ಷೆ ಇದೆ ಎನ್ನುವುದು, ಅವರು ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದು, ಮಗಳು ಅಡುಗೆಮನೆಯಲ್ಲಿ ಅಡಗಿಕೊಳ್ಳುವುದು.

ಕೊನೆಗೆ ಆದೇಶವನ್ನು ಮಾರ್ಪಡಿಸಿಕೊಂಡೆವು. ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಒಪ್ಪಿಸುವುದು, ಮರಳಿ ಪಡೆಯುವುದು ಎರಡೂ ಬಸ್ ನಿಲ್ದಾಣದ ವಿಚಾರಣಾ ಕೌಂಟರಿನ ಮುಂದೆ. ಅರ್ಧ ಗಂಟೆಗಿಂತ ತಡವಾದರೆ ಮೆಸೇಜು ಹಾಕಬೇಕು. ಮಗಳಿಗೆ ಜ್ವರ ಬಂದು ಭೇಟಿ ತಪ್ಪಿದರೆ ಮುಂದಿನ ಭಾನುವಾರ ಕೊಡಬೇಕು. ಬುಧವಾರ ಸಂಜೆ ವಿಡಿಯೊ ಕರೆ. ಉಬ್ಬಸದ ಪಂಪನ್ನು ಬ್ಯಾಗಿನ ಮುಂದಿನ ಜೇಬಿನಲ್ಲಿ ಇಟ್ಟು ಕಳಿಸಬೇಕು, ಅದೇ ಜೇಬಿನಲ್ಲಿ ಮರಳಬೇಕು ಎಂಬುದನ್ನೂ ಬರೆಸಿದೆವು. ಇದನ್ನು ಕೇಳಿ ನಮ್ಮ ವಕೀಲರಿಗೇ ನಗು ಬಂದಿತ್ತು. ಆದರೆ ಒಮ್ಮೆ ಪಂಪು ದಾವಣಗೆರೆಯಲ್ಲೇ ಉಳಿದು ರಾತ್ರಿಯೆಲ್ಲ ಮಗಳು ಒದ್ದಾಡಿದ್ದನ್ನು ಕಂಡವಳು ನಾನು. ಅಂದಿನಿಂದ ಜಗಳ ಇಲ್ಲವೇ ಇಲ್ಲ ಎನ್ನಲಾರೆ, ಆದರೆ ಜಗಳಕ್ಕೆ ಕಾರಣಗಳು ಕಡಿಮೆಯಾಗಿವೆ.

ದಾವಣಗೆರೆಯ ವಕೀಲರು:

ಚಿತ್ರದುರ್ಗದ ಅಕ್ಕನವರು ಬರೆದದ್ದನ್ನು ನನ್ನ ಕಕ್ಷಿದಾರರಿಗೆಲ್ಲ ಓದಿಸಬೇಕೆನಿಸುತ್ತದೆ. ಸುಪರ್ದಿ ಯಾರಿಗೆ ಎಂಬುದಕ್ಕೆ ವರ್ಷಗಟ್ಟಲೆ ಹೋರಾಡುವವರು, ಭೇಟಿಯ ಷರತ್ತುಗಳನ್ನು ಬರೆಸುವಾಗ ಹತ್ತು ನಿಮಿಷ ಕೂರುವುದಿಲ್ಲ. ನಂತರದ ಬದುಕೆಲ್ಲ ಆ ಷರತ್ತುಗಳ ಮೇಲೆಯೇ ನಡೆಯುತ್ತದೆ. ಬೇಸಿಗೆ ರಜೆಯಲ್ಲಿ ಯಾವ ಅರ್ಧ ಯಾರಿಗೆ, ದಸರಾ ರಜೆ ಹೇಗೆ, ಯುಗಾದಿ ಎಲ್ಲಿ, ಹುಟ್ಟುಹಬ್ಬದ ದಿನ ಶಾಲೆ ಇದ್ದರೆ ಏನು, ಊರು ಬದಲಾಯಿಸುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದೆಲ್ಲ ಆದೇಶದಲ್ಲೇ ಇರಬೇಕು. ಹಬ್ಬಗಳನ್ನು ಸಮ ವರ್ಷ ತಂದೆಗೆ, ಬೆಸ ವರ್ಷ ತಾಯಿಗೆ ಎಂದು ಹಂಚುವ ರೂಢಿಯಿದೆ. ನಮ್ಮೂರಿನವರು ಇಲ್ಲಿ ಒಂದನ್ನು ಗಮನಿಸಬೇಕು: ದುಗ್ಗಮ್ಮನ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಈ ಲೆಕ್ಕದಲ್ಲಿ ಜಾತ್ರೆ ಸದಾ ಒಬ್ಬರ ಪಾಲಿಗೇ ಬೀಳುತ್ತದೆ. ಅದನ್ನು ಬೇರೆಯಾಗಿಯೇ ಬರೆಸಿ.

2020ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಇಬ್ಬರು ಹೆತ್ತವರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕು ಎಂದು ಹೇಳಿ, ದೂರವಿರುವ ತಂದೆ ಅಥವಾ ತಾಯಿಗೆ ಖುದ್ದು ಭೇಟಿಯ ಜೊತೆಗೆ ಫೋನು, ವಿಡಿಯೊ ಕರೆಯ ಮೂಲಕ ಸಂಪರ್ಕಕ್ಕೂ ಅವಕಾಶವಿರಬೇಕೆಂದು ಸ್ಪಷ್ಟಪಡಿಸಿತು. ಬೆಂಗಳೂರಿನಲ್ಲಿ ದುಡಿಯುವ ತಂದೆಯರು ಈ ತೀರ್ಪನ್ನು ಬಳಸಿಕೊಳ್ಳಬಹುದು.

ಹರಿಹರದ ತಂದೆ:

ಶಾಲೆಯ ಕಡೆ ಹೋಗುವುದಿಲ್ಲ ಎಂದು ಮಾತು ಕೊಡುತ್ತೇನೆ. ಇನ್ನೆರಡು ಪ್ರಶ್ನೆಗಳಿವೆ. ಹಣ ಕೊಡದೆ ಮಗನನ್ನು ತೋರಿಸುವುದಿಲ್ಲ ಎನ್ನುವುದು ಸರಿಯೇ? ಮತ್ತು, ಮಗ ಅಲ್ಲಿದ್ದು ಅವರ ಮಾತನ್ನೇ ಕೇಳಿ, ಕೋರ್ಟಿನಲ್ಲಿ ‘ಅಪ್ಪ ಬೇಡ’ ಎಂದುಬಿಟ್ಟರೆ?

ದಾವಣಗೆರೆಯ ವಕೀಲರು:

ಹಣಕ್ಕೂ ಭೇಟಿಗೂ ಗಂಟು ಹಾಕುವಂತಿಲ್ಲ. ಇದು ಎರಡು ಕಡೆಗೂ ಅನ್ವಯಿಸುತ್ತದೆ: ಜೀವನಾಂಶ ಬಂದಿಲ್ಲವೆಂದು ತಾಯಿ ಭೇಟಿ ನಿಲ್ಲಿಸುವಂತಿಲ್ಲ, ಭೇಟಿ ಸಿಕ್ಕಿಲ್ಲವೆಂದು ತಂದೆ ಖರ್ಚು ನಿಲ್ಲಿಸುವಂತಿಲ್ಲ. ಮಗನ ಖರ್ಚು ಕೊಡುವುದು ನಿಮ್ಮ ಕರ್ತವ್ಯ, ಯಾರೂ ಕೇಳದಿದ್ದರೂ ಸಹ. ಆದ್ದರಿಂದ ಈ ತಿಂಗಳಿಂದಲೇ ನಿಮ್ಮ ಶಕ್ತ್ಯಾನುಸಾರ ಒಂದು ಮೊತ್ತವನ್ನು ಪತ್ನಿಯ ಖಾತೆಗೆ ಹಾಕಿ, ‘ಮಗನ ಶಾಲೆ ಮತ್ತು ಊಟದ ಖರ್ಚು’ ಎಂದು ಟಿಪ್ಪಣಿಯಲ್ಲಿ ನಮೂದಿಸಿ. ಕೈಯಲ್ಲಿ ಕೊಟ್ಟ ಹಣಕ್ಕೆ ಸಾಕ್ಷಿ ಇರುವುದಿಲ್ಲ. ಅವರು ಅರ್ಜಿ ಹಾಕಿದರೆ, ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಪರಿಹಾರ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ವಿವರಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಕಡ್ಡಾಯ ಮಾಡಿದೆ. ಅಡಿಕೆ ತೋಟ ಅಣ್ಣನ ಹೆಸರಿನಲ್ಲಿದೆ, ನನಗೇನೂ ಇಲ್ಲ ಎನ್ನುವ ಕಥೆ ಈಗ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಮಗನ ಇಚ್ಛೆಯ ಬಗ್ಗೆ: ಬುದ್ಧಿಪೂರ್ವಕವಾಗಿ ಆಯ್ಕೆ ಹೇಳುವಷ್ಟು ಮಗು ದೊಡ್ಡದಾಗಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಬಹುದು ಎಂದು 1890ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಅದಕ್ಕೆ ಇಷ್ಟೇ ವಯಸ್ಸೆಂದು ಎಲ್ಲೂ ಬರೆದಿಲ್ಲ. ಆರು ವರ್ಷದ ಮಗುವಿನ ಮಾತಿಗೆ ಹನ್ನೆರಡು ವರ್ಷದ ಮಗುವಿನ ಮಾತಿನಷ್ಟು ತೂಕ ಸಿಗುವುದಿಲ್ಲ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿಕೊಂಡು, ಹೆತ್ತವರನ್ನು ಹೊರಗೆ ಕೂರಿಸಿ, ಶಾಲೆ, ಗೆಳೆಯರು, ಊಟ ಎಂದು ಮಾತು ಶುರು ಮಾಡುತ್ತಾರೆ. ಹೇಳಿಕೊಟ್ಟ ಮಾತು ಸಾಮಾನ್ಯವಾಗಿ ಅಲ್ಲಿ ಗೊತ್ತಾಗಿಬಿಡುತ್ತದೆ. ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವುದು ಮಗುವಿಗೆ ಮಾಡುವ ಹಾನಿ ಎಂಬುದನ್ನು ಸುಪ್ರೀಂ ಕೋರ್ಟು 2017ರ ತೀರ್ಪೊಂದರಲ್ಲಿ ವಿವರವಾಗಿಯೇ ಚರ್ಚಿಸಿದೆ. ಈ ಮಾತು ನಿಮಗೂ ಸಲ್ಲುತ್ತದೆ. ಭೇಟಿಯ ದಿನ ಮಗನ ಬಾಯಿಂದ ಅಮ್ಮನ ದೂರುಗಳನ್ನು ಹೇಳಿಸಿ ರೆಕಾರ್ಡ್ ಮಾಡುವ ಚಟ ಈಗ ಬಹಳ ಹೆಚ್ಚಿದೆ, ಅದರಿಂದ ದೂರವಿರಿ.

ಜಗಳೂರಿನ ಸೋದರಮಾವ:

ನಮ್ಮ ತಂಗಿಯದು ಬೇರೆ ಬಗೆಯ ಸಮಸ್ಯೆ. ಹಿರಿಯರ ಸಮಕ್ಷಮದಲ್ಲಿ ಬಾಂಡ್ ಪೇಪರಿನ ಮೇಲೆ ಸೋಡಚೀಟಿ ಬರೆದು ಬೇರೆಯಾದರು. ಅದರಲ್ಲಿ ‘ಗಂಡು ಮಗು ತಂದೆಗೆ ಸೇರತಕ್ಕದ್ದು, ತಾಯಿಯು ಮುಂದೆ ಯಾವುದೇ ತಕರಾರು ಮಾಡತಕ್ಕದ್ದಲ್ಲ’ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಮಗುವಿಗೆ ಈಗ ಮೂರು ವರ್ಷ. ಇನ್ನು ದಾರಿಯೇ ಇಲ್ಲವೆಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದಾರೆ.

ದಾವಣಗೆರೆಯ ವಕೀಲರು:

ದಾರಿ ಖಂಡಿತ ಇದೆ. ಆ ಕಾಗದದಿಂದ ಮದುವೆ ಮುರಿದಿದೆಯೇ ಇಲ್ಲವೇ ಎಂಬುದು ನಿಮ್ಮ ಸಮುದಾಯದಲ್ಲಿ ಅಂತಹ ಪದ್ಧತಿ ಇರುವುದನ್ನು ಸಾಬೀತುಪಡಿಸುವುದರ ಮೇಲೆ ನಿಲ್ಲುತ್ತದೆ. ಆ ಚರ್ಚೆ ಇಲ್ಲಿ ಬೇಡ. ಆದರೆ ಮಗುವಿನ ಕುರಿತು ಬರೆದ ಸಾಲಿಗೆ ನ್ಯಾಯಾಲಯ ಬದ್ಧವಾಗಿರಬೇಕಿಲ್ಲ. ಹೆತ್ತವರು ತಮ್ಮ ಹಕ್ಕನ್ನು ಬಿಟ್ಟುಕೊಡಬಹುದು, ಮಗುವಿನ ಹಿತವನ್ನು ಅವರು ಬಿಟ್ಟುಕೊಡಲು ಬರುವುದಿಲ್ಲ. ಮೂರು ವರ್ಷದ ಮಗುವಾದ್ದರಿಂದ ಕಾನೂನಿನ ಒಲವು ಸಾಮಾನ್ಯವಾಗಿ ತಾಯಿಯ ಕಡೆಗಿದ್ದು, ಆಕೆ ಮಗುವನ್ನು ನೋಡಿಕೊಳ್ಳಲು ಯೋಗ್ಯಳಲ್ಲ ಎಂದು ತೋರಿಸುವ ಹೊರೆ ತಂದೆಯದು ಎಂಬುದನ್ನು 2015ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿದಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಕೋರ್ಟಿನ ಮುಂದೆಯೇ ಬರೆದ ಷರತ್ತುಗಳನ್ನೂ ಪರಿಸ್ಥಿತಿ ಬದಲಾದರೆ ಮಾರ್ಪಡಿಸಬಹುದು. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಹಾಗಿರುವಾಗ ಬಾಂಡ್ ಪೇಪರಿನದು ಯಾವ ಲೆಕ್ಕ?

ನಿಮ್ಮ ತಂಗಿಗೆ ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಕರೆದುಕೊಂಡು ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೊಡೆತ ಬಡಿತ ನಡೆದಿದ್ದರೆ ಅದನ್ನೂ ಹೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರೇ ತಾತ್ಕಾಲಿಕ ಸುಪರ್ದಿಯನ್ನು ತಾಯಿಗೆ ಕೊಡಬಹುದು.

ಆಜಾದ್ ನಗರದ ಓದುಗಿ:

ವಕೀಲ ಸಾಹೇಬರೇ, ನಮಗೆ ಹಿಂದೂ ಕಾಯ್ದೆಗಳು ಅನ್ವಯಿಸುವುದಿಲ್ಲವಲ್ಲ. ತಲಾಖ್ ಆಗಿರುವ ನನ್ನ ಅಕ್ಕನಿಗೆ ಎಂಟು ವರ್ಷದ ಮಗನೂ ಐದು ವರ್ಷದ ಮಗಳೂ ಇದ್ದಾರೆ. ಮಗನಿಗೆ ಏಳು ತುಂಬಿದೆ, ಇನ್ನು ಅವನು ನಮಗೆ ಸೇರಬೇಕು ಎಂದು ಭಾವನ ಮನೆಯವರು ಒತ್ತಾಯಿಸುತ್ತಿದ್ದಾರೆ.

ದಾವಣಗೆರೆಯ ವಕೀಲರು:

ಸಹೋದರಿ, ಅವರು ಹೇಳುತ್ತಿರುವುದು ಮುಸ್ಲಿಂ ಕಾನೂನಿನ ಹನಫಿ ಪದ್ಧತಿಯ ಹಿಜಾನತ್, ಅಂದರೆ ಮಗುವಿನ ಸುಪರ್ದಿಯ ನಿಯಮ. ಗಂಡು ಮಗು ಏಳು ತುಂಬುವವರೆಗೆ, ಹೆಣ್ಣು ಮಗು ಪ್ರೌಢಾವಸ್ಥೆಗೆ ಬರುವವರೆಗೆ ತಾಯಿಯ ಬಳಿ ಇರುವುದು ಆ ಪದ್ಧತಿಯ ಸಾಮಾನ್ಯ ಕ್ರಮ. ಆದರೆ ಒತ್ತಾಯದಿಂದ ಕರೆದೊಯ್ಯಲು ಅದು ಪರವಾನಗಿಯಲ್ಲ. ಒಪ್ಪಿಗೆ ಇಲ್ಲದಿದ್ದರೆ ಅವರು ಅದೇ 1890ರ ಕಾಯ್ದೆಯಡಿ ನ್ಯಾಯಾಲಯಕ್ಕೇ ಬರಬೇಕು. ಆ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ. ನ್ಯಾಯಾಧೀಶರು ವೈಯಕ್ತಿಕ ಕಾನೂನನ್ನು ಗಮನದಲ್ಲಿಟ್ಟುಕೊಂಡೇ ಮಗುವಿನ ಹಿತ ಎಲ್ಲಿದೆ ಎಂದು ನೋಡುತ್ತಾರೆ. ಅಣ್ಣ ತಂಗಿಯರನ್ನು ಬೇರ್ಪಡಿಸುವುದು ಸರಿಯೇ ಎಂಬ ಪ್ರಶ್ನೆ ನಿಮ್ಮ ಅಕ್ಕನ ಪರವಾಗಿ ಬಲವಾದ ವಾದವಾಗುತ್ತದೆ.

ಹೊಳಲ್ಕೆರೆಯ ಅಜ್ಜಿ:

ಮಗಳು ತೀರಿಹೋದ ಮೇಲೆ ಮೊಮ್ಮಗಳನ್ನು ನಾವೇ ಸಾಕುತ್ತಿದ್ದೇವೆ. ಅಳಿಯಂದಿರು ಮರುಮದುವೆಯಾಗಿ ಈಗ ಮಗುವನ್ನು ಕೇಳುತ್ತಿದ್ದಾರೆ. ಕೊಡದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಬೇಕೆಂದು ಕೇಳುವ ಅರ್ಜಿ) ಹಾಕುತ್ತೇನೆ ಎಂದು ನೋಟಿಸು ಬಂದಿದೆ. ನಮಗೇನು ಹಕ್ಕಿಲ್ಲವೇ?

ದಾವಣಗೆರೆಯ ವಕೀಲರು:

ಅಮ್ಮ, ನಿಮಗೆ ಹಿತವೆನಿಸದ ಉತ್ತರವನ್ನೂ ಕೊಡಬೇಕಾಗಿದೆ. ತಾಯಿ ಇಲ್ಲದಾಗ ತಂದೆಯೇ ಸ್ವಾಭಾವಿಕ ಪಾಲಕ. 2019ರಲ್ಲಿ ಇಂತಹದೇ ಒಂದು ಪ್ರಕರಣದಲ್ಲಿ ತಾಯಿಯ ಕಡೆಯ ಸಂಬಂಧಿಕರ ಬಳಿಯಿದ್ದ ಮಗುವನ್ನು ತಂದೆಗೆ ಒಪ್ಪಿಸಿದ ಆದೇಶವನ್ನು ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು, ಅದೂ ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲೇ. ಹಾಗೆಂದು ಅಜ್ಜ ಅಜ್ಜಿಯರು ಸದಾ ಸೋಲುತ್ತಾರೆ ಎಂದಲ್ಲ. 2008ರ ಪ್ರಕರಣವೊಂದರಲ್ಲಿ, ಹೆಂಡತಿಯ ಸಾವಿನ ಸಂಬಂಧ ಆರೋಪ ಎದುರಿಸುತ್ತಿದ್ದ ತಂದೆಗೆ ಮಗುವನ್ನು ಕೊಡದೆ, ತಾಯಿಯ ತಂದೆ ತಾಯಿಯ ಬಳಿಯೇ ಉಳಿಸಿದ ತೀರ್ಪಿದೆ. ಮರುಮದುವೆಯೊಂದೇ ತಂದೆಯನ್ನು ಅನರ್ಹನನ್ನಾಗಿ ಮಾಡುವುದಿಲ್ಲ, ಆ ಹೊಸ ಮನೆಯಲ್ಲಿ ಮಗುವಿಗೆ ಎಂತಹ ಸ್ಥಾನವಿದೆ ಎಂಬುದನ್ನು ನ್ಯಾಯಾಲಯ ನೋಡುತ್ತದೆ. ನೋಟಿಸಿಗೆ ಉತ್ತರಿಸದೆ ಕೂರಬೇಡಿ. ತಂದೆ ಮಗಳ ಭೇಟಿಗೆ ನಾವು ಎಂದೂ ಅಡ್ಡಿಪಡಿಸಿಲ್ಲ ಎಂದು ತೋರಿಸುವಂತೆ ಈಗಿನಿಂದಲೇ ನಡೆದುಕೊಳ್ಳಿ. ಸುಪರ್ದಿ ತಂದೆಗೆ ಹೋದರೂ ರಜಾದಿನಗಳಲ್ಲಿ ಮೊಮ್ಮಗಳು ನಿಮ್ಮ ಬಳಿ ಬಂದಿರಬೇಕೆಂದು ಕೇಳಲು ಆ ನಡತೆಯೇ ನಿಮಗೆ ಆಧಾರ.

ವಿದ್ಯಾನಗರದ ಓದುಗ:

ಈಗ ಜಂಟಿ ಸುಪರ್ದಿಯ ಕಾನೂನು ಬಂದಿದೆಯಲ್ಲ, ಮಗು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ? ಹರಿಹರದವರು ಅದನ್ನೇ ಕೇಳಬಹುದಲ್ಲ.

ದಾವಣಗೆರೆಯ ವಕೀಲರು:

ಅಂತಹ ಕಾನೂನು ಬಂದಿಲ್ಲ. ಭಾರತದ ಕಾನೂನು ಆಯೋಗವು 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು ಕಾಯ್ದೆಯಲ್ಲಿ ಸೇರಿಸಲು ಶಿಫಾರಸು ಮಾಡಿತು, ಆದರೆ ಸಂಸತ್ತು ಅದನ್ನು ಕಾನೂನಾಗಿಸಿಲ್ಲ. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು ಸಮಯ ಹಂಚಿ ಕೊಟ್ಟಿರುವುದು ನಿಜ. ನನ್ನ ಅಭಿಪ್ರಾಯ ಕೇಳಿದರೆ, ಹರಿಹರ ಮತ್ತು ರಾಣೆಬೆನ್ನೂರಿನ ನಡುವೆ ಆರಾರು ತಿಂಗಳಿಗೆ ಶಾಲೆ ಬದಲಿಸುವುದಕ್ಕಿಂತ, ಒಂದೇ ಶಾಲೆಯಲ್ಲಿ ಓದುತ್ತಾ ವಾರಾಂತ್ಯಗಳನ್ನು ತಂದೆಯ ಮನೆಯಲ್ಲಿ ಕಳೆಯುವುದು ಆ ಹುಡುಗನಿಗೆ ಹಿತ. ಇಷ್ಟು ಹತ್ತಿರದ ಊರುಗಳಿರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ಚಿತ್ರದುರ್ಗದ ತಾಯಿ:

ಇದನ್ನು ನಾನೂ ಒಪ್ಪುತ್ತೇನೆ. ಒಂದು ಸಣ್ಣ ವಿಷಯ: ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು, ಫೋನ್ ನಂಬರು ಇರುವಂತೆ ನೋಡಿಕೊಳ್ಳಿ. ನನ್ನ ಮಗಳ ಶಾಲೆಯಲ್ಲಿ ಅಂಕಪಟ್ಟಿ ಕೇಳಲು ಹೋದ ಅವಳ ತಂದೆಯನ್ನು ಕಚೇರಿಯವರು ಗೇಟಿನಿಂದಲೇ ಕಳಿಸಿಬಿಟ್ಟಿದ್ದರು. ಅದರಿಂದ ನನಗೇನೂ ಲಾಭವಾಗಲಿಲ್ಲ, ಮುಂದಿನ ವಾಯಿದೆಯಲ್ಲಿ ಆ ಮಾತಿಗೂ ನಾನೇ ಉತ್ತರಿಸಬೇಕಾಯಿತು.

ಹರಿಹರದ ತಂದೆ:

ಎಲ್ಲರಿಗೂ ಕೃತಜ್ಞತೆಗಳು. ಖರ್ಚಿನ ಹಣ ಇಂದೇ ಹಾಕಿದ್ದೇನೆ. ಅರ್ಜಿಯ ಜೊತೆ ಏನೇನು ತರಬೇಕು, ಮತ್ತು ಅಂತಿಮ ತೀರ್ಪಿನವರೆಗೂ ಮಗನನ್ನು ನೋಡದೆ ಇರಬೇಕೇ ಎಂಬುದನ್ನಷ್ಟೇ ತಿಳಿಸಿ.

ದಾವಣಗೆರೆಯ ವಕೀಲರು:

ಕಾಯಬೇಕಿಲ್ಲ. ಮುಖ್ಯ ಅರ್ಜಿಯ ಜೊತೆಯಲ್ಲೇ 1890ರ ಕಾಯ್ದೆಯ 12ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕಿಸಿ, ಪ್ರಕರಣ ಮುಗಿಯುವವರೆಗೆ ಭೇಟಿಗೆ ಅವಕಾಶ ಕೇಳಿ. ಮೊದಮೊದಲು ಕೋರ್ಟಿನ ಆವರಣದಲ್ಲೇ ಒಂದೆರಡು ಗಂಟೆ ಎಂದು ಆದೇಶವಾದರೆ ಬೇಸರಪಡದೆ ಹೋಗಿ. ಅದನ್ನು ತಪ್ಪದೆ ಬಳಸಿಕೊಂಡವರಿಗೆ ಮುಂದೆ ಸಮಯ ಹೆಚ್ಚುತ್ತದೆ. ಮಗನ ಜನನ ಪ್ರಮಾಣಪತ್ರ, ಮದುವೆಯ ದಾಖಲೆ, ಹರಿಹರದ ಶಾಲೆಯಲ್ಲಿ ಓದುತ್ತಿದ್ದುದರ ರಸೀದಿಗಳು, ಲಸಿಕೆ ಕಾರ್ಡು, ನಿಮ್ಮ ಆದಾಯದ ದಾಖಲೆ, ಹಣ ಹಾಕಿದ ಬ್ಯಾಂಕ್ ವಿವರ ತನ್ನಿ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸಲೇಬೇಕೆಂಬುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ನಿಯಮ, ಆದ್ದರಿಂದ ನಿಮ್ಮಿಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಬಹುದು. ಅಲ್ಲಿಗೆ ಅತ್ತೆ ಮಾವಂದಿರನ್ನಾಗಲಿ ಅಣ್ಣ ತಮ್ಮಂದಿರನ್ನಾಗಲಿ ಕರೆದುಕೊಂಡು ಹೋಗಬೇಡಿ, ನೀವೊಬ್ಬರೇ ಹೋಗಿ. ಆದೇಶ ಬಂದ ಮೇಲೂ ಅವರು ಮಗನನ್ನು ತೋರಿಸದಿದ್ದರೆ ಬಾಗಿಲಲ್ಲಿ ಕೂಗಾಡದೆ, ಹೋದ ದಿನ, ಹೊತ್ತು ಬರೆದಿಟ್ಟುಕೊಂಡು ಬನ್ನಿ. ಆದೇಶವನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕೋಣ. ಸೋಮವಾರ ಸಂಜೆ ಕಾಗದಪತ್ರಗಳನ್ನು ತೆಗೆದುಕೊಂಡು ಬಂದರೆ, ಹರಿಹರ ಮತ್ತು ರಾಣೆಬೆನ್ನೂರು ಎರಡರಲ್ಲಿ ಎಲ್ಲಿ ಹಾಕುವುದು ಲೇಸು ಎಂದು ನೋಡಿ ನಿರ್ಧರಿಸೋಣ.